ಕಾಟಮ್ಮ ಹಂಚಿದ ಗುಳಿಗೆ

ಸೊಕ್ಕೆ ಹಳ್ಳಿಯ ಕಾಟಮ್ಮ ಕುರಿಮಂದೆಯ ಜೊತೆ ಹೊರಟಳೆಂದರೆ ಗಂಡಸರೂ ಹಿಂದೆ ಬೀಳುತ್ತಿದ್ದರು. ಅವಳಿಗೆ ಎಚ್‌ಐವಿ ಇದೆಯೆಂದು ಯಾರು ನಂಬಬೇಕು? ಗಂಡನಿಂದ ಬಂದದ್ದು. ಅವನು ಹೋಗಿ ವರ್ಷಗಳಾದವು, ಇವಳನ್ನು ಪೇಟೆಯ ಆಸ್ಪತ್ರೆಯ ಗುಳಿಗೆ ಉಳಿಸಿತು. ಕೇಳಿದವರಿಗೆಲ್ಲ ಬಿಪಿ ಗುಳಿಗೆ ಎನ್ನುತ್ತಿದ್ದಳು; ತಮ್ಮನಿಗೊಬ್ಬನಿಗೆ ನಿಜ ಗೊತ್ತಿತ್ತು.

ಹಿಂಗಿರುವಾಗ ತಮ್ಮ ಕೆಂಚೇಶ ಸೊರಗತೊಡಗಿದ. ದಾವಣಗೆರೆಯಲ್ಲಿ ಗುಟ್ಟಾಗಿ ರಕ್ತ ಪರೀಕ್ಷೆ ಮಾಡಿಸಿ ಬಂದವನು ಅಕ್ಕನ ಮುಂದೆ ಕುಸಿದು ಕೂತ. ಅವನಿಗೂ ಅದೇ ರೋಗ.

“ಆಸ್ಪತ್ರೆಗೆ ನಡಿಯೋ.”

“ಆಗಲ್ಲಕ್ಕಾ. ಆ ಸಾಲಲ್ಲಿ ನಿಂತಿದ್ದು ನೆಂಟರು ಕಂಡ್ರೆ ನನ್ನ ಕೈಲಿ ನೀರೂ ಕುಡಿಯಲ್ಲ. ನಿನ್ನ ಗುಳಿಗೇಲೇ ಒಂಚೂರು ಕೊಡು.”

“ಸಂತೆ ಬೆಲ್ಲ ಅಂದ್ಕೊಂಡೆಯೇನೋ?” ಎಂದು ಗದರಿದಳು. ಗದರಿದರೇನು, ಕರುಳು ಕೇಳಬೇಕಲ್ಲ. ಮಂದೆಗೆ ಬೇನೆ ಬಿದ್ದರೆ ಇದ್ದೊಂದು ಬಾಟಲಿ ಔಷಧಿಯನ್ನೇ ಎಲ್ಲ ಕುರಿಗೂ ಗುಟುಕು ಗುಟುಕು ಹಾಕುವುದು ಅವರ ಮನೆಯ ರೂಢಿ. ಒಂದಕ್ಕೆ ಹಾಕಿ ಒಂದಕ್ಕೆ ಬಿಡುವುದು ಪಾಪ. ಕಾಟಮ್ಮ ಅಡಕತ್ತರಿ ತೆಗೆದು ಗುಳಿಗೆಯನ್ನು ಎರಡು ಮಾಡಿದಳು. ಅಂದಿನಿಂದ ದಿನವೂ ಹಾಗೇ.

ಕಾಟಮ್ಮನ ಮುಂದಿನ ರಕ್ತ ಪರೀಕ್ಷೆಯಾದ ಮೇಲೆ, ಆಸ್ಪತ್ರೆಯಲ್ಲಿ ರೋಗಿಗಳಿಗೆ ತಿಳಿಹೇಳುವ ಪುಷ್ಪಾ ಬಾಗಿಲು ಮುಂದೆ ಮಾಡಿ ಕೂತಳು.

“ವೈರಸ್ ಮತ್ತೆ ಎದ್ದೈತಲ್ಲಮ್ಮಾ. ಗುಳಿಗೆ ಬಿಟ್ರಾ?”

“ಇಲ್ರೀ ಮೇಡಂ. ದಿನಾ ತಗೊಂಡೀನಿ. ಅರ್ಧ. ಇನ್ನರ್ಧ ತಮ್ಮನಿಗೆ, ಅವನಿಗೂ ಇದೇ ಐತೆ.”

ಪುಷ್ಪಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ನಿಮ್ಮ ಹಟ್ಟಿಗೆ ಕಾವಲು ಯಾರು?”

“ನಾಯಿಗಳು. ಅವಿದ್ರೆ ತೋಳ ಬರಲ್ಲ.”

“ಈ ತೋಳ ನಾಯಿಯೊಳಗೇ ಹೊಗುತ್ತೆ. ಮೈ ಕಾಯೋ ಕಣಗಳನ್ನೇ ಹಿಡಿದು, ಅವುಗಳೊಳಗೇ ಮರಿ ಹಾಕುತ್ತೆ. ಕಾವಲಿನ ನಾಯಿಗಳು ಒಂದರ ಮೂತಿಗೊಂದು ಮೂತಿ ತಾಗಿಸ್ತಾವಲ್ಲ, ಹಂಗೇ ಆ ಕಣಗಳೂ ಒಂದಕ್ಕೊಂದು ತಾಗ್ತಾವೆ. ಆಗ ಇದರಿಂದ ಅದಕ್ಕೆ ದಾಟುತ್ತೆ, ರಕ್ತದಾಗೆ ತೇಲಿ ಹೋಗಬೇಕು ಅಂತೇನಿಲ್ಲ. ಕೆಲವುದರೊಳಗೆ ಸುಮ್ನೆ ಮಲಗಿರುತ್ತೆ. ನೀವು ಪೂರಾ ಗುಳಿಗೆ ನುಂಗಿದಷ್ಟು ದಿನ ತಲೆ ಎತ್ತಾಕೆ ಬಿಡಲ್ಲ. ಅರ್ಧ ಕೊಟ್ರೆ ಅಡಗಲ್ಲ, ಗುಳಿಗೆಯಿಂದ ತಪ್ಪಿಸ್ಕೊಳ್ಳೋದು ಕಲಿಯುತ್ತೆ.”

“ಅವನೊಳಗೂ?”

“ಇಬ್ಬರೊಳಗೂ. ಈ ಗುಳಿಗೆ ನಿಮಗಿನ್ನು ಹತ್ತುತ್ತೋ ಇಲ್ವೋ ನೋಡಬೇಕು. ಬೇರೆ ಔಷಧಿ ಐತೆ. ಆದ್ರೆ ಅವರು ಬರದೆ ಅವರಿಗೆ ಕೊಡಾಕಾಗಲ್ಲ. ತಡ ಮಾಡಬ್ಯಾಡ್ರಿ.”

ಸಂಜೆ ಮನೆಗೆ ಬಂದರೆ ಕೆಂಚೇಶ ಕಟ್ಟೆಯ ಮೇಲೆ ಕೆಮ್ಮುತ್ತಾ ಕೂತಿದ್ದ. ಎಲುಬು ಕಾಣುವ ಕೈ ಚಾಚಿದ. “ಕೊಡಕ್ಕಾ, ಹೊತ್ತಾತು.”

“ಇನ್ಮೇಲೆ ಇಲ್ಲ. ನಾಳೆ ನನ್ನ ಜೊತೆ ಬಾ. ಸಾಲಲ್ಲಿ ನಾನು ಮುಂದೆ ನಿಲ್ತೀನಿ. ಯಾರು ಕೇಳಿದ್ರೂ ನನಗೂ ಐತೆ ಅಂತೀನಿ.”

“ಅದಕ್ಕಿಂತ ನನ್ನ ಕತ್ತು ಹಿಚುಕು!”

“ಕೆಂಚಾ, ಅರ್ಧದಿಂದ ನೀನು ಬದುಕಲ್ಲ ಕಣೋ.”

“ಪೂರಾ ನೀನೇ ನುಂಗು. ನುಂಗಿ ಬದುಕು” ಎಂದವನು ಚಪ್ಪಲಿಯನ್ನೂ ಮೆಟ್ಟದೆ ಹೊಲದ ಕಡೆ ನಡೆದುಬಿಟ್ಟ.

ಕಾಟಮ್ಮ ಗುಳಿಗೆಯನ್ನು ಇಡಿಯಾಗಿ ಬಾಯಿಗಿಟ್ಟುಕೊಂಡು ನೀರು ಕುಡಿದಳು. ಅವನ ಕೆಮ್ಮು ಜೋಳದ ಹೊಲ ದಾಟುವವರೆಗೂ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ.