ಇಟಲಿಗೆಂದು ಮಾಡಿದ ಚಟ್ನಿಪುಡಿ

ಕೆಮ್ಮು ಶುರುವಾದ ದಿನ ನಾನು ಒಣಮೆಣಸಿನಕಾಯಿ ಹುರಿಯುತ್ತಿದ್ದೆ. ಎಡವಟ್ಟಾದದ್ದೇ ಅದರಿಂದ.

ಜುಲೈ ತಿಂಗಳು. ನೈರೋಬಿಯಲ್ಲಿ ಆಗ ಚಳಿ, ಬಿಸಿಲು ಕಾಣುವುದೇ ಇಲ್ಲ. ಅಡುಗೆಮನೆ ಕಿಟಕಿ ಮುಚ್ಚಿತ್ತು. ಬಾಣಲೆಯಿಂದ ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮಿದರು. ಮಗಳು ಉಷಾ ಕೆಮ್ಮಿದಳು. ಮೊಮ್ಮಗಳು "ಅಜ್ಜಿ, ಸ್ಟಾಪ್ ಇಟ್!" ಎಂದು ಕೂಗಿ ರೂಮಿಗೆ ಓಡಿದಳು. ಅವರ ಕೆಮ್ಮು ಅರ್ಧ ಗಂಟೆಗೆ ನಿಂತಿತು.

ನನ್ನದು ನಿಲ್ಲಲಿಲ್ಲ.

ಆ ಚಟ್ನಿಪುಡಿ ಇಟಲಿಗೆ ಕೊಂಡುಹೋಗಲು. ನಾನು, ಲಲಿತಾ, ಡೊರೊತಿ, ಮೂವರೂ ಹೈರಿಡ್ಜ್‌ನಲ್ಲಿ ಒಂದೇ ರಸ್ತೆಯವರು. ನಾಲ್ಕು ವರ್ಷದಿಂದ ಬೆಳಗಿನ ವಾಕಿಂಗ್‌ನಲ್ಲಿ ಇಟಲಿಯದೇ ಮಾತು. ಒಂದು ವರ್ಷ ಲಲಿತೆಯ ಮಂಡಿ ಆಪರೇಷನ್ ಅಡ್ಡ ಬಂತು, ಇನ್ನೊಂದು ವರ್ಷ ಡೊರೊತಿಗೆ ಸ್ಕೂಲಿನಲ್ಲಿ ರಜೆ ಸಿಗಲಿಲ್ಲ. ಡೊರೊತಿ ಮಂಗಳೂರಿನ ಕ್ರಿಶ್ಚಿಯನ್, ಟೀಚರ್ ಆಗಿದ್ದವಳು. ಅವಳಿಗೆ ರೋಮ್ ನೋಡಬೇಕು. ಮೈಸೂರಿನ ಲಲಿತೆ ಪುಸ್ತಕ ಓದುವವಳು, ಅವಳಿಗೆ ಫ್ಲಾರೆನ್ಸಿನ ಹಳೇ ಚಿತ್ರ, ಹಳೇ ಬೀದಿ ನೋಡಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು, ಅವೆಲ್ಲ ನನಗೆ ಗೊತ್ತಿಲ್ಲ. ನನಗೆ ಬೇಕಿದ್ದದ್ದು ಕೊನೆಯ ಐದು ದಿನ. ಗುಡ್ಡದ ಮೇಲೆ ದ್ರಾಕ್ಷಿ ತೋಟದ ನಡುವೆ ಒಂದು ಕಲ್ಲಿನ ಮನೆಯನ್ನು ಡೊರೊತಿ ಬಾಡಿಗೆಗೆ ಹಿಡಿದಿದ್ದಳು. ಅಲ್ಲಿ ನಾನು ಏನೂ ಕೆಲಸ ಮಾಡದೆ ಸುಮ್ಮನೆ ಕೂರಬೇಕು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾನು ಹಾಗೆ ಕೂತವಳಲ್ಲ.

ಆದರೆ ಹೊರಡುವ ಮುಂಚೆ ಚಟ್ನಿಪುಡಿ ಆಗಬೇಕಲ್ಲ. ಡೊರೊತಿಗೆ ಬೆಳ್ಳುಳ್ಳಿ ಬೇಕೇ ಬೇಕು. ಲಲಿತೆಗೆ ಬೆಳ್ಳುಳ್ಳಿ ಸೋಕಬಾರದು. ನನಗೆ ಖಾರ ಕಡಿಮೆ. ಹಾಗಾಗಿ ಮೂರು ಡಬ್ಬಿ, ಮೂರು ಸಲ ಹುರಿಯುವುದು. ಒಂದು ಸಲ ಸೀದುಹೋಗಿ ಮತ್ತೆ ಮಾಡಿದೆ. ನನ್ನ ಕೆಮ್ಮು ಕೇಳಿದವರೆಲ್ಲ "ಮೆಣಸಿನಕಾಯಿ ಘಾಟು" ಎಂದರು. ನಾನೂ ಹಾಗೇ ಅಂದುಕೊಂಡೆ. ಬ್ಲೌಸು ಸಡಿಲವಾಯಿತು. ವಾಕಿಂಗ್ ಮಾಡಿ ಇಳಿದಿದ್ದೇನೆ, ಗುಡ್ಡ ಹತ್ತಲು ಒಳ್ಳೆಯದೇ ಆಯಿತು ಎಂದು ಖುಷಿಪಟ್ಟೆ. ಸಂಜೆ ಮೈ ಬಿಸಿಯಾಗುತ್ತಿತ್ತು. ಚಳಿಗಾಲವಲ್ಲವೇ ಎಂದು ಶುಂಠಿ ಕಷಾಯ ಕುಡಿದು ಮಲಗಿದೆ.

ಆಗಸ್ಟ್ ಶುರುವಿಗೆ ಡಬ್ಬಿಗಳ ಬಾಯಿಗೆ ಬಟ್ಟೆ ಕಟ್ಟಿ ಅವರವರ ಮನೆಗೆ ಕೊಟ್ಟುಬಂದೆ. ಅದಾಗಿ ನಾಲ್ಕು ದಿನಕ್ಕೆ ಮೂವರೂ ವೀಸಾ ಅರ್ಜಿ ಕೊಡಲು ಹೋದೆವು. ಸಾಲಿನಲ್ಲಿ ನಿಂತಾಗ ಕೆಮ್ಮು ಒತ್ತರಿಸಿ ಬಂತು. ಕರ್ಚೀಫು ಬಾಯಿಗೆ ಒತ್ತಿಕೊಂಡೆ. ತೆಗೆದು ನೋಡಿದೆ.

ರಕ್ತ.

ಮಡಿಸಿ ಬ್ಯಾಗಿನೊಳಗೆ ಹಾಕಿದೆ. ಕೌಂಟರಿನಲ್ಲಿ ಬೆರಳು ಒತ್ತಿದೆ, ಫೋಟೋಗೆ ಮುಖ ಕೊಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಇಟಲಿ ತಪ್ಪುತ್ತಿತ್ತು. ಇದು ನನ್ನ ತಪ್ಪು, ಬರೆದೇ ಇಡುತ್ತೇನೆ. ಮತ್ತೆ ಒಂದು ವಾರ ಅವರಿಬ್ಬರ ನಡುವೆ ಕೆಮ್ಮುತ್ತಾ ವಾಕಿಂಗ್ ಮಾಡಿದೆ. ಮೊಮ್ಮಗಳನ್ನು ಪಕ್ಕದಲ್ಲೇ ಮಲಗಿಸಿಕೊಂಡೆ.

ಬಟ್ಟೆ ಒಗೆಯಲು ಹೋದ ಉಷಾಗೆ ಕರ್ಚೀಫು ಸಿಕ್ಕಿತು. ಅವಳು ಕಿರುಚಲಿಲ್ಲ. ಆಫೀಸಿಗೆ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎಕ್ಸ್‌ರೇ, ಬ್ಲಡ್ ಟೆಸ್ಟ್, ಕಫದ ಟೆಸ್ಟ್. ಡಾಕ್ಟರ್ ಈ ಊರಿನ ಹುಡುಗಿ, ಸಣ್ಣ ವಯಸ್ಸು. ಇಲ್ಲಿ ಅಮ್ಮನಿಗೆ ಮಾಮಾ ಎನ್ನುತ್ತಾರೆ. ನನ್ನ ಕೈ ಹಿಡಿದುಕೊಂಡೇ ಹೇಳಿದಳು.

"ಇಟ್ಸ್ ಟಿಬಿ, ಮಾಮಾ."

ಅದನ್ನು ಉಷಾ ನನಗೆ ಕನ್ನಡದಲ್ಲಿ ಹೇಳಬೇಕಾಗಿರಲಿಲ್ಲ.

ಆರು ತಿಂಗಳು ಮಾತ್ರೆ. ಮೊದಲ ಎರಡು ವಾರ ಬೇರೆ ರೂಮು, ಕಿಟಕಿ ಹಗಲೆಲ್ಲ ತೆಗೆದಿರಬೇಕು. "ಇಟಲಿ?" ಎಂದು ಕೇಳಿದೆ. ಡಾಕ್ಟರ್ ತಲೆ ಅಲ್ಲಾಡಿಸಿದಳು. ಈ ಮೈಯಲ್ಲಿ ಸದ್ಯಕ್ಕೆ ವಿಮಾನದ ಮಾತೇ ಇಲ್ಲ ಎಂದಳು. ಜೊತೆಗಿದ್ದವರೆಲ್ಲ ಟೆಸ್ಟ್ ಮಾಡಿಸಬೇಕು ಎಂದೂ ಹೇಳಿದಳು. ಊಟದಿಂದ ಹರಡುತ್ತದಾ ಎಂದು ಉಷಾ ಕೈಲಿ ಎರಡು ಸಲ ಕೇಳಿಸಿದೆ. ಇಲ್ಲ, ಗಾಳಿಯಿಂದ ಮಾತ್ರ, ಎರಡು ಸಲವೂ ಅದೇ ಉತ್ತರ.

ಅವರಿಬ್ಬರಿಗೆ ನಾನೇ ಫೋನ್ ಮಾಡಿದೆ. ಅಷ್ಟಾದರೂ ಮಾಡಬೇಕಿತ್ತು.

"ಎಂತ ಮಾರಾಯ್ತಿ ಸರಸಕ್ಕ, ರಕ್ತ ನೋಡಿಯೂ ಬಾಯಿ ಮುಚ್ಚಿ ಕೂತದ್ದಾ?" ಎಂದು ಡೊರೊತಿ ಬೈದಳು. ಚೆನ್ನಾಗಿ ಬೈದಳು.

"ಟೆಸ್ಟ್ ಮಾಡಿಸು. ಆ ಚಟ್ನಿಪುಡಿ ಬಿಸಾಕು" ಎಂದೆ.

"ಬಿಸಾಡ್ಲಿಕ್ಕೆ ನನಗೆಂತ ಹುಚ್ಚಾ? ಗಾಳಿಯಿಂದ ಅಂತ ಡಾಕ್ಟ್ರೇ ಹೇಳಿದ್ದಲ್ವಾ? ಅಷ್ಟು ಬೆಳ್ಳುಳ್ಳಿ ಹಾಕಿದ್ದೀರಿ."

ಲಲಿತೆ ಬೈಯಲಿಲ್ಲ. "ಹುಷಾರಾಗಿರು ಕಣೆ ಸರಸು" ಎಂದು ಫೋನ್ ಇಟ್ಟಳು. ಬೈದಿದ್ದರೆ ಒಳ್ಳೆಯದಿತ್ತು.

ಎಲ್ಲರ ಟೆಸ್ಟೂ ಸರಿ ಬಂತು. ಮೊಮ್ಮಗಳ ಎಕ್ಸ್‌ರೇ ಬರುವವರೆಗೆ ನಾನು ಅನ್ನ ಮುಟ್ಟಲಿಲ್ಲ.

ವೀಸಾ ಬಂತು. ನನ್ನ ಪಾಸ್‌ಪೋರ್ಟಿಗೂ ಅಂಟಿಸಿ ಕಳಿಸಿದ್ದರು.

"ನೀವಿಬ್ಬರೂ ಹೋಗಿ" ಎಂದೆ. ಸೆಪ್ಟೆಂಬರಿನಲ್ಲಿ ಎಂಬಕಸಿಯ ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಅವರ ಟ್ಯಾಕ್ಸಿ ನಮ್ಮ ಗೇಟಿನ ಮುಂದೆ ನಿಂತಿತು. ಡೊರೊತಿ ಮಾಸ್ಕ್ ಹಾಕಿಕೊಂಡು ಬಾಗಿಲವರೆಗೆ ಬಂದಳು. ಲಲಿತೆ ಟ್ಯಾಕ್ಸಿಯಿಂದಲೇ ಕೈ ಬೀಸಿದಳು.

ಸುಮ್ಮನೆ ಕೂರುವ ನನ್ನ ಆಸೆ ಆಮೇಲೆ ಚೆನ್ನಾಗಿಯೇ ತೀರಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ. ವಾಂತಿ. ಉಚ್ಚೆ ಕಿತ್ತಳೆ ಬಣ್ಣ. ಕೀಲುಕೀಲು ನೋವು. ಒಂದು ಜಡೆ ಹಾಕಿಕೊಳ್ಳಲು ಮೂರು ಸಲ ಕೈ ಇಳಿಸಬೇಕಿತ್ತು. ಸುಸ್ತು ಎಂದರೆ ಏನೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಕೆಲಸ ಮಾಡಿ ಆಗುವ ಸುಸ್ತು ಮಲಗಿದರೆ ಹೋಗುತ್ತದೆ. ಇದು ಮಲಗಿದಲ್ಲೇ ಹುಟ್ಟಿ, ಎದ್ದರೆ ಜೊತೆಗೇ ಎದ್ದು ಬರುತ್ತಿತ್ತು. ಮನೆಕೆಲಸದ ವಾಂಬುಯಿಗೆ ನನ್ನಷ್ಟೇ ವಯಸ್ಸು. ಅವಳು "ಪೋಲೆ, ಮಾಮಾ" ಎಂದು ಮರುಗುತ್ತಾ ಗಂಜಿ ತಂದು ಮಂಚದ ಅಂಚಿನಲ್ಲೇ ಕೂರುತ್ತಿದ್ದಳು.

ಡೊರೊತಿ ಉಷಾಳ ಫೋನಿಗೆ ಫೋಟೋ ಕಳಿಸುತ್ತಿದ್ದಳು. ರೋಮಿನ ಇಗರ್ಜಿ. ಫ್ಲಾರೆನ್ಸಿನ ಸೇತುವೆ. ಆಮೇಲೆ ಆ ಕಲ್ಲಿನ ಮನೆ, ಅಂಗಳದಲ್ಲಿ ಮೇಜು, ಮೇಜಿನ ಮೇಲೆ ತಿಂಡಿ. ಡೊರೊತಿಯ ತಟ್ಟೆಯಲ್ಲಿ ಬ್ರೆಡ್ಡು, ಅದರ ಮೇಲೆ ನನ್ನ ಚಟ್ನಿಪುಡಿ, ಆಲಿವ್ ಎಣ್ಣೆಯಲ್ಲಿ ಕಲಸಿದ್ದು. ಬೆರಳಿನಿಂದ ಫೋಟೋ ದೊಡ್ಡದು ಮಾಡಿ ಪಕ್ಕದ ತಟ್ಟೆ ನೋಡಿದೆ.

ಲಲಿತೆಯ ತಟ್ಟೆಯಲ್ಲಿ ಜ್ಯಾಮ್.

ಅವಳ ಡಬ್ಬಿ ಮೇಜಿನ ಮೇಲೆಲ್ಲೂ ಇರಲಿಲ್ಲ. ಸಿಟ್ಟು ಬಂತು. ಎರಡು ದಿನ ಇತ್ತು. ಆಮೇಲೆ ಗಂಜಿ ಹಿಡಿದು ಬಂದ ವಾಂಬುಯಿಯ ಮುಖ ನೋಡಿದೆ. ಕೆಲವು ವರ್ಷದ ಹಿಂದೆ ಅವಳು ಎರಡು ವಾರ ಬಿಡದೆ ಕೆಮ್ಮಿದಾಗ ಅವಳ ಲೋಟ ಬೇರೆ ಇಟ್ಟವಳು ನಾನೇ. ಕೆಮ್ಮು ನಿಂತ ಮೇಲೂ ತಿಂಗಳುಗಟ್ಟಲೆ ಅದು ಬೇರೆಯೇ ಇತ್ತು. ಲಲಿತೆಯ ಜಾಗದಲ್ಲಿ ಇದ್ದಿದ್ದರೆ ನಾನೂ ಜ್ಯಾಮೇ ತಿನ್ನುತ್ತಿದ್ದೆ.

ಅವರು ವಾಪಸು ಬಂದರು. ಡೊರೊತಿ ದಿನಾ ಬಂದು ಹರಟುತ್ತಿದ್ದಳು. ಲಲಿತೆ ಫೋನ್ ಮಾಡುತ್ತಿದ್ದಳು, ಬರುತ್ತಿರಲಿಲ್ಲ. ಈಗ ಹರಡುವುದಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೂ ಬರಲಿಲ್ಲ. ನಾನು ಕರೆಯಲಿಲ್ಲ.

ಫೆಬ್ರವರಿಯಲ್ಲಿ ಕೊನೆಯ ಮಾತ್ರೆ ನುಂಗಿದೆ. ಕಫದಲ್ಲಿ ಏನಿಲ್ಲ, ಶ್ವಾಸಕೋಶದಲ್ಲಿ ಒಂದು ಕಲೆ ಉಳಿದಿದೆ, ಅದು ಹೋಗುವುದಿಲ್ಲ ಎಂದರು. ಇರಲಿ.

ಮಾರನೆಯ ದಿನ ಬೆಳಿಗ್ಗೆ ಲಲಿತೆ ಬಂದಳು. ಕೈಯಲ್ಲಿ ಡಬ್ಬಿ. ನಾನು ಕಟ್ಟಿದ ಬಟ್ಟೆ, ನಾನು ಹಾಕಿದ ಗಂಟು.

"ಬಿಚ್ಚೇ ಇಲ್ಲ ಕಣೆ" ಎಂದಳು. "ಹೆದರಿಕೆ ಆಯ್ತು. ಎರಡು ಸಲ ಕಸದ ಬುಟ್ಟಿಗೆ ಹಾಕ್ದೆ, ಎರಡು ಸಲ ಎತ್ಕೊಂಡೆ."

"ಗೊತ್ತು. ನೀನು ಜ್ಯಾಮ್ ತಿಂದೆ."

"ಡೊರೊತಿ ಹೇಳಿದ್ಲಾ?"

"ನಿನ್ನ ತಟ್ಟೆ ಹೇಳ್ತು."

ಅವಳು ಡಬ್ಬಿಯನ್ನು ನನ್ನ ಮುಂದೆ ತಳ್ಳಿದಳು. "ಈಗ ಬಿಚ್ಚು. ಅನ್ನಕ್ಕೆ ಕಲಸಿ ಕೊಡು, ನಿನ್ನೆದುರಿಗೇ ತಿಂತೀನಿ."

ಬಿಚ್ಚಿದೆ. ಕೊಬ್ಬರಿ ಕೆಟ್ಟು ಕಮಟು ವಾಸನೆ ಹೊಡೆಯುತ್ತಿತ್ತು.

"ಇದನ್ನ ತಿಂದ್ರೆ ನಿಜವಾಗ್ಲೂ ಕಾಯಿಲೆ ಬೀಳ್ತೀಯ" ಎಂದು ಕಸಕ್ಕೆ ಸುರಿದೆ. "ಹೊಸದು ಮಾಡೋಣ. ನನ್ನ ಕೈಲಿ ಆಗಲ್ಲ, ಮೆಣಸಿನಕಾಯಿ ನೀನು ಹುರಿ. ಮೊದ್ಲು ಕಿಟಕಿ ತೆಗಿ."

ನಾನು ಸ್ಟೂಲಿನ ಮೇಲೆ ಕೂತು ಹೇಳಿಕೊಟ್ಟೆ. ಅವಳಿಗೆ ಹುರಿಯಲು ಬರುವುದಿಲ್ಲ, ಉರಿ ಜಾಸ್ತಿ ಮಾಡಿದಳು. ಕಿಟಕಿ ತೆಗೆದಿದ್ದರೂ ಘಾಟು ಎದ್ದಿತು. ಅವಳು ಕೆಮ್ಮಿದಳು. ಕೂತಲ್ಲೇ ನಾನೂ ಕೆಮ್ಮಿದೆ. ಅವಳು ಸೌಟು ಹಿಡಿದುಕೊಂಡೇ ತಿರುಗಿ ನನ್ನನ್ನು ನೋಡಿದಳು. ನಾನು ಗೋಡೆಯ ಗಡಿಯಾರ ನೋಡಿದೆ.

ಅರ್ಧ ಗಂಟೆಗೆ ಅವಳ ಕೆಮ್ಮು ನಿಂತಿತು. ನನ್ನದೂ ನಿಂತಿತು.