ಪಿಕಪ್ಪಿನ ತಳದ ತೂತುಗಳು

ನನ್ನ ಗಂಡನ ಪಿಕಪ್ ಗಾಡಿಯನ್ನು ನಾನು ಸವತಿ ಎಂದೇ ಕರೆಯುತ್ತಿದ್ದೆ. ಬೆಳಿಗ್ಗೆ ಎದ್ದರೆ ಮೊದಲು ಅದರ ಮುಖ ನೋಡುವುದು, ಅದಕ್ಕೆ ಸ್ನಾನ ಮಾಡಿಸುವುದು, ಆಮೇಲೆ ನನ್ನಲ್ಲಿ ಚಹಾ ಕೇಳುವುದು. ಬಾಯಲ್ಲಿ ಎಷ್ಟೇ ಬೈದರೂ ಆ ಸವತಿಗೆ ನಾನು ಮನಸ್ಸಿನಲ್ಲಿ ಕೈಮುಗಿಯುತ್ತಿದ್ದೆ. ಅವಳು ಇದ್ದರೆ ಇವರು ನೆಲದ ಮೇಲೆ ಇರುತ್ತಾರೆ. ನನಗೆ ಬೇಕಾದದ್ದು ಅಷ್ಟೇ.

ನಮ್ಮದು ಬೋಳಾರ, ಹಿಂದಿನಿಂದಲೂ ಕಡಲನ್ನೇ ನಂಬಿದ ಮನೆ. ಮದುವೆಯಾದ ಹೊಸತರಲ್ಲಿ ಇವರೂ ತಮ್ಮ ಅಣ್ಣನ ಜೊತೆ ಮೀನಿನ ಬೋಟಿಗೆ ಹೋಗುತ್ತಿದ್ದರು. ಒಂದು ದಿನ ಆ ಅಣ್ಣ ಇವರ ಕಣ್ಣೆದುರೇ ಬೋಟಿನಿಂದ ಜಾರಿ ನೀರಿಗೆ ಬಿದ್ದರು. ಹೆಣವೂ ಸಿಗಲಿಲ್ಲ. ಆಮೇಲೆ ಇವರು ಕಡಲಿನ ಮಾತೇ ಎತ್ತಲಿಲ್ಲ. ಕರಿಮಣಿ ಒಂದನ್ನು ಉಳಿಸಿ ನನ್ನ ಚಿನ್ನವನ್ನೆಲ್ಲ ಮಾರಿದೆವು. ಬೋಟು ಬಂದು ನಿಲ್ಲುವ ದಕ್ಕೆಯಿಂದ ಮೀನು ಸಾಗಿಸಲು ಸೆಕೆಂಡ್‌ಹ್ಯಾಂಡ್ ಪಿಕಪ್ ಬಂತು.

"ಇಂಜಿನ್ ಭಾರೀ ಲಾಯ್ಕ ಉಂಟು. ಇನ್ನು ನಿನಗೆ ಹೆದರಿಕೆ ಬೇಡ ಮಾರಾಯ್ತಿ" ಎಂದರು.

ಲಾಯ್ಕವಂತೆ! ಮೊದಲು ಸೆಲ್ಫ್ ಹೋಯಿತು. ಅದು ಸರಿಯಾಯಿತು ಎನ್ನುವಾಗ ಕ್ಲಚ್ ಪ್ಲೇಟ್. ಅದರ ಬೆನ್ನಿಗೆ ರೇಡಿಯೇಟರ್ ಸೋರಿ, ಒಂದು ಲೋಡು ಬಂಗುಡೆ ದಾರಿಯಲ್ಲೇ ಕೊಳೆಯಿತು. ಕುಲಶೇಖರದ ಗ್ಯಾರೇಜಿಗೆ ನಾವು ಸುರಿದದ್ದೆಲ್ಲ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. "ಇಟ್ಟುಕೊಂಡವಳು ಇರುವ ತನಕ, ಕಟ್ಟಿಕೊಂಡವಳು ಕಡೆಯ ತನಕ, ನೆನಪಿರ್ಲಿ" ಎಂದು ನಾನು ಚುಚ್ಚಿದರೆ ಇವರು ನಗುತ್ತಿದ್ದರು. ಅಣ್ಣ ಹೋದ ಮೇಲೆ ಇವರು ನಕ್ಕದ್ದು ಆ ಗಾಡಿಯ ವಿಷಯಕ್ಕೆ ಮಾತ್ರ.

ಒಂದು ಭಾನುವಾರ ಹಳೆ ಚಾಪೆ ಹಾಸಿ ಗಾಡಿಯ ಅಡಿಗೆ ಹೋದವರು ಗಾಬರಿಯಲ್ಲಿ ಹೊರಗೆ ಬಂದರು.

"ತಳದಲ್ಲಿ ತೂತು ಉಂಟು ಮಾರಾಯ್ತಿ, ಚಾಸಿಸ್ ಕಬ್ಬಿಣದ ಎರಡೂ ಬದಿಯಲ್ಲಿ!"

ತಳದಲ್ಲಿ ತೂತು ಕಂಡ ಮೇಲೆ ಕಡಲಿನವನಿಗೆ ಊಟ ಸೇರುತ್ತದೆಯೇ? ಹಿಂದೆ ಇವರ ಅಪ್ಪ ದೋಣಿಗೆ ಮಾಡುತ್ತಿದ್ದ ಹಾಗೆ ರಾಳ ತಂದರು, ತೆಂಗಿನೆಣ್ಣೆ ಹಾಕಿ ನನ್ನ ಬಾಣಲೆಯಲ್ಲೇ ಕಾಯಿಸಿದರು, ಹತ್ತಿ ಅದ್ದಿ ಒಂದೊಂದು ತೂತಿಗೂ ತುರುಕಿದರು. ಬಾಣಲೆ ಹಾಳಾಯಿತೆಂದು ನಾನು ಕೂಗಾಡಿದೆ. ಆದರೂ ಪಕ್ಕದಲ್ಲಿ ಕೂತು ಹತ್ತಿ ಕೊಟ್ಟದ್ದು ನಾನೇ. ಮಗುವಿನ ಕಿವಿ ಒರೆಸುವಷ್ಟು ಮೆತ್ತಗೆ ಇವರ ಬೆರಳು ಓಡಾಡುತ್ತಿತ್ತು. "ಇನ್ನು ಒಂದು ಹನಿ ನೀರು ಒಳಗೆ ಬರ್ಲಿಕ್ಕಿಲ್ಲ" ಎಂದು ಕೈ ತೊಳೆದುಕೊಂಡರು.

ಮತ್ತೆ ಎರಡು ಮಳೆಗಾಲ ಗಾಡಿ ಓಡಿತು. ಎಫ್‌ಸಿ ಎಂಬ ಸರ್ಕಾರಿ ತಪಾಸಣೆ ಮಾಡಿಸುವ ಸಮಯ ಬಂದಾಗ, ಮೊದಲೊಮ್ಮೆ ತೋರಿಸುವ ಎಂದು ಇಬ್ಬರೂ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಅಡಿಗೆ ನುಗ್ಗಿ ಸ್ಕ್ರೂಡ್ರೈವರಿನಿಂದ ಚಾಸಿಸ್ ಕುಟ್ಟಿದ. ಅದು ಹಪ್ಪಳದ ಹಾಗೆ ಒಡೆದು ಸ್ಕ್ರೂಡ್ರೈವರ್ ಒಳಗೇ ಹೋಯಿತು. ಕಪ್ಪು ನೀರು ಸುರಿಯಿತು. ಕೊಳೆತ ಮೀನಿನ ವಾಸನೆ.

"ಅಯ್ಯೋ ದೇವರೇ, ಇದನ್ನು ಮುಚ್ಚಿದ್ದು ಯಾರು? ಒಳಗೆ ಹೋದ ನೀರು ಇಳಿಲಿಕ್ಕೇಂತ ಕಂಪೆನಿಯವರೇ ಇಟ್ಟ ತೂತು ಇದು. ಮೀನಿನ ಉಪ್ಪುನೀರು ಒಳಗೇ ನಿಂತು ಪೂರಾ ತಿಂದು ಹಾಕಿದೆ."

"ವೆಲ್ಡಿಂಗ್ ಮಾಡಿದ್ರೆ ಆಗ್ಲಿಕ್ಕಿಲ್ವಾ?" ನಾನೇ ಕೇಳಿದೆ.

"ವೆಲ್ಡಿಂಗ್ ಹಿಡಿಲಿಕ್ಕೆ ಗಟ್ಟಿ ಕಬ್ಬಿಣ ಬೇಕಲ್ಲ ಅಕ್ಕ? ಚಾಸಿಸ್ ಬದಲಾಯಿಸುವ ಖರ್ಚಿಗೆ ಬೇರೆಯೇ ಹಳೇ ಗಾಡಿ ಬರ್ತದೆ. ಗುಜರಿಗೆ ಕೊಡಿ."

ಇವರು ನೆಲದಲ್ಲಿ ಬಿದ್ದಿದ್ದ ರಾಳದ ಉಂಡೆಯೊಂದನ್ನು ಹೆಕ್ಕಿ ಅಂಗೈಯಲ್ಲಿ ಹಿಡಿದು ನೋಡುತ್ತ ನಿಂತರು. ಗಾಡಿ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಬರುವಾಗ ಬಿಕರ್ನಕಟ್ಟೆಯಲ್ಲಿ ಇಳಿದು ಬಾಲ ಯೇಸುವಿನ ಎದುರು ಮೇಣದಬತ್ತಿ ಹಚ್ಚಿದೆ. ಗಾಡಿ ಬೇಕೆಂದು ಕೇಳಲಿಲ್ಲ; ಇವರನ್ನು ಕಡಲಿಗೆ ಕಳಿಸಬೇಡ ಎಂದು ಕೇಳಿದೆ.

ಗುಜರಿಯವನು ಗಾಡಿ ಎಳೆದುಕೊಂಡು ಹೋದ. ಬೇರೆಯವರ ಗಾಡಿಗೆ ಡ್ರೈವರಾಗಿ ಹೋಗಿ ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ.

"ನನ್ನದೇ ಗಾಡಿಯನ್ನು ಕೊಂದವ ನಾನು. ಇನ್ನೊಬ್ಬರದ್ದನ್ನು ಎಂತ ಧೈರ್ಯದಲ್ಲಿ ಮುಟ್ಟುವುದು?" ಎಂದರು. ಅದರ ಮೇಲೆ ನನ್ನ ಮಾತು ನಡೆಯಲಿಲ್ಲ. ಇವರಿಗೆ ಗೊತ್ತಿದ್ದ ಬೇರೆ ಕೆಲಸ ಕಡಲಿನದ್ದೊಂದೇ.

ಮಳೆಗಾಲದ ರಜೆ ಮುಗಿದು ಬೋಟುಗಳು ಹೊರಟ ದಿನ ಬಟ್ಟೆಯ ಚೀಲ ಹಿಡಿದು ದಕ್ಕೆಯ ತನಕ ನಾನೂ ಹೋದೆ. ಚೀಲ ಕೈಗೆ ಕೊಡುವಾಗ ಕೇಳಿದರು:

"ನಾನು ಆ ತೂತು ಮುಚ್ಚದಿದ್ರೆ ಅದು ಇನ್ನೂ ಓಡ್ತಿತ್ತು, ಅಲ್ವಾ?"

"ಇಲ್ಲಪ್ಪ. ನಾವು ತೆಗೊಳ್ಳುವಾಗ್ಲೇ ಅದು ಹಾಳಾಗಿತ್ತು" ಎಂದೆ.

ಇಷ್ಟು ವರ್ಷ ಸಂಸಾರ ಮಾಡಿದವರಿಗೆ ನನ್ನ ಸುಳ್ಳು ತಿಳಿಯದೆ ಇರುತ್ತದೆಯೇ? ನನ್ನ ಭುಜ ಒಮ್ಮೆ ತಟ್ಟಿ ತಿರುಗಿದರು. ಬೋಟಿಗೆ ಇಟ್ಟ ಕಾಲನ್ನು ಒಮ್ಮೆ ಹಿಂದಕ್ಕೆ ತೆಗೆದರು. ನಾನು ನೋಡಿದ್ದು ಇವರಿಗೂ ಗೊತ್ತಾಯಿತು. ಎರಡೂ ಕೈಯಲ್ಲಿ ಹಗ್ಗ ಗಟ್ಟಿಯಾಗಿ ಹಿಡಿದುಕೊಂಡು ಹತ್ತಿದರು.