ನನ್ನ ಪಥ್ಯ, ಮೊಮ್ಮಗಳ ಬಟ್ಟಲು

ಬಾದಾಮಿ ಗುಹೆಗಳ ಮೆಟ್ಟಿಲ ಬುಡದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಜೋಳದ ರೊಟ್ಟಿಯ ಮೇಲೆ ಲಿಂಬೆಹಣ್ಣಿನಷ್ಟು ಬೆಣ್ಣೆ ಇಟ್ಟು ನನ್ನತ್ತ ಚಾಚಿದಳು. ನಾನು ಕೈ ಹಿಂದೆಳೆದುಕೊಂಡೆ. ಒಮ್ಮೆ ಹೃದಯಾಘಾತವಾದ ಮುದುಕನ ಚಟ ಇದು, ನಗಬೇಡಿ. ಇದೇ ಚಟದಿಂದ ನಾನು ಮೊಮ್ಮಗಳನ್ನು ಉಪವಾಸ ಕೆಡವಿದವನು.

ಎಂಟು ವರ್ಷದ ಹಿಂದಿನ ಮಾತು. ಇಳಕಲ್ಲಿನ ನಮ್ಮ ಮನೆಯಲ್ಲಿ ಆಗ ನನ್ನದೊಂದೇ ಅಲ್ಲ, ಎಂಟು ತಿಂಗಳ ಮೊಮ್ಮಗಳ ಎದೆಯೂ ಕೆಟ್ಟಿತ್ತು. ನನ್ನದು ಅರವತ್ತು ವರ್ಷ ಹೋಳಿಗೆ-ತುಪ್ಪ ಹೊಡೆದು ಕೆಡಿಸಿಕೊಂಡದ್ದು; ಅವಳದಕ್ಕೆ ಹುಟ್ಟುತ್ತಲೇ ಒಳಗೊಂದು ರಂಧ್ರ. ಡಾಕ್ಟರು ನನಗೆ ಕೊಟ್ಟ ಪಥ್ಯದ ಯಾದಿ ಅಡುಗೆಮನೆಯ ಗೋಡೆಗೆ ಅಂಟಿತ್ತು. ನಿವೃತ್ತ ಮಾಸ್ತರ ನಾನು. ಗೋಡೆಯ ಮೇಲಿನದು ಇಡೀ ವರ್ಗಕ್ಕೆ ಅನ್ವಯ ಎಂದು ನಂಬಿದವನು.

"ಎದಿ ಬ್ಯಾನಿ ಅಂದ್ರ ಎದಿ ಬ್ಯಾನಿ. ಕೂಸಿಗೂ ತುಪ್ಪ ಬ್ಯಾಡ, ಗಂಜಿ ತೆಳ್ಳಗ ಮಾಡು" ಎಂದು ಸೊಸೆಗೆ ಅಪ್ಪಣೆ ಕೊಟ್ಟೆ. ಕೂಸು ನಾಲ್ಕು ಚಮಚಕ್ಕೇ ಹಣೆ ಬೆವರಿ, ಏದುಸಿರು ಬಿಟ್ಟು ಮುಖ ತಿರುಗಿಸುತ್ತಿತ್ತು. ಜೀರ್ಣವಾಗುತ್ತಿಲ್ಲ ಎಂದು ನಾನು ಇನ್ನಷ್ಟು ನೀರು ಹಾಕಿಸಿದೆ. ಎಂಥ ಶಾಣ್ಯಾ!

ಬಾಗಲಕೋಟೆಯ ಡಾಕ್ಟರಮ್ಮ ಕೂಸಿನ ತೂಕ ನೋಡಿ ಗಾಬರಿಯಾದರು. "ಏನ್ ತಿನ್ನಸ್ತೀರಿ?"

"ಪಕ್ಕಾ ಪಥ್ಯರಿ. ಒಂದ್ ಹನಿ ತುಪ್ಪ ಮುಟ್ಟಿಸಿಲ್ಲ" ಎಂದೆ, ಹೆಮ್ಮೆಯಿಂದ.

"ಅಜ್ಜಾರ, ಅದು ನಿಮ್ಮ ಪಥ್ಯ! ಈಕಿ ಎದಿ ದುಡಿದು ದುಡಿದು ತಿಂದದ್ದೆಲ್ಲಾ ಸುಡಾಕತ್ತೈತಿ. ಒಮ್ಮೆಗೇ ಭಾಳ ತಿನ್ನಾಕ ದಮ್ ಸಾಲೂದಿಲ್ಲ. ಸ್ವಲ್ಪ ಸ್ವಲ್ಪ, ಗಟ್ಟಿ ಊಟ, ತುಪ್ಪ ಹಾಕಿ, ಎರಡೆರಡು ತಾಸಿಗೆ ಕೊಡ್ರಿ. ತೂಕ ಬರ್ಲಿಲ್ಲಂದ್ರ ಆಪರೇಷನ್ ಹೆಂಗ ಮಾಡೂದು?"

ಮನೆಗೆ ಬಂದವಳೇ ಸೊಸೆ ಯಾದಿ ಹರಿದು ಒಲೆಗೆ ಹಾಕಿದಳು. "ಮಾವಾರ, ಇವತ್ತಿಂದ ಅಡಗಿಮನ್ಯಾಗ ನೀವು ಸುಮ್ಮ ಕುಂದ್ರಬೇಕು." ಕೂತೆ. ಅವಳು ಸೀರೆ ನೇಯುವವಳು. ಮಗ್ಗದಲ್ಲಿ ಗೇಣುದ್ದ ಬಟ್ಟೆ ಇಳಿದರೆ ಎರಡು ತಾಸು. ಪ್ರತಿ ಗೇಣಿಗೂ ಎದ್ದು ಬಂದು, ತುಪ್ಪ ಕಲಸಿದ ಅನ್ನ-ಬೇಳೆ ನಾಲ್ಕು ಚಮಚ ತಿನ್ನಿಸಿ ಮತ್ತೆ ಮಗ್ಗಕ್ಕೆ ಕೂರುತ್ತಿದ್ದಳು. ಬಟ್ಟಲು ಹಿಡಿಯುವುದು ನನ್ನ ಕೆಲಸ.

ಹುನಗುಂದದಿಂದ ನನ್ನ ತಂಗಿ ಬಂದಳು. "ತೂತಿನ ಕೂಸು, ಅದರಾಗ ಹೆಣ್ಣು. ಯಾಕ ಒದ್ದಾಡ್ತೀರಿ? ದೇವ್ರು ಇಟ್ಟಷ್ಟು ದಿನ ಇರ್ತೈತಿ ಬಿಡು."

ನನಗೆ ಮೈ ಉರಿಯಿತು. "ನಾವು ತಿನ್ನಿಸಿದಷ್ಟು ದಿನ ಇರ್ತೈತಿ! ಏಳು, ಕೈ ತೊಳ್ಕೊ, ಇದೊಂದು ಚಮಚ ನೀನ ತಿನ್ನಸು." ಗೊಣಗುತ್ತಲೇ ತಿನ್ನಿಸಿದಳು. ಕೂಸು ಅವಳ ಸೀರೆಯ ಮೇಲೇ ಉಗುಳಿತು. ಮತ್ತೆ ತಿನ್ನಿಸಿದಳು.

ಐದು ತಿಂಗಳಿಗೆ ತೂಕ ಬಂತು, ಆಪರೇಷನ್ನೂ ಆಯಿತು. ಈಗ ಅವಳಿಗೆ ಒಂಬತ್ತು. ವರ್ಗದಲ್ಲಿ ಎಲ್ಲರಿಗಿಂತ ಗಿಡ್ಡ. ಓಡಿಯಾಡಲು ಅಡ್ಡಿಯಿಲ್ಲ ಎಂದು ಡಾಕ್ಟರಮ್ಮನೇ ಹೇಳಿದ್ದಾರೆ. ಆದರೂ ಇವತ್ತು ಅವಳನ್ನು ಕರೆದುಕೊಂಡು ಬಾದಾಮಿಗೆ ಹೊರಡುವಾಗ ಓಣಿಯವರೆಲ್ಲ ಅಂದರು: "ಆಕಿನ್ನ ಮೆಟ್ಲ ಹತ್ತಸಬ್ಯಾಡ್ರಿ."

ಅಷ್ಟರಲ್ಲಿ ಗುಹೆಯ ಮೆಟ್ಟಿಲ ಮೇಲಿಂದ ಅವಳ ಕೂಗು ಬಂತು. "ಅಜ್ಜಾ, ನಿನಗ ದಮ್ ಹತ್ತತೈತಿ, ನೀ ಅಲ್ಲೇ ಕುಂದ್ರು! ನಾ ನೋಡಿ ಬಂದು ಹೇಳ್ತೇನಿ!"

ಹಗುರಕ ಹೋಗು, ಓಡಬ್ಯಾಡ ಎಂಬ ಮಾತು ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ. "ಓಡವ್ವಾ, ಓಡು!" ಎಂದು ಗಂಟಲು ಹರಿಯುವಂತೆ ಕೂಗಿದೆ. ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.